ಶಾಲೆಯ ಒಳಗಿದ್ದ ಪಂಜೆ, ಹೊರಗೆ ನಿಂತ ಕಾರಂತ

ಮೆಲ್ಕಾರಿನಿಂದ ಪಾಣೆಮಂಗಳೂರಿನ ಕಡೆ ಹೋಗಿ ನೇತ್ರಾವತಿ ದಾಟಿದರೆ ಬಂಟ್ವಾಳ. 1874ರಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದ ಊರು. ಅದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟರೆ ಕಲ್ಲಡ್ಕ, ಮಾಣಿ, ಆಮೇಲೆ ಪುತ್ತೂರು; ಶಿವರಾಮ ಕಾರಂತರು ನಾಲ್ಕು ದಶಕಕ್ಕೂ ಮಿಕ್ಕಿ ಬಾಳಿದ ಊರು. ಬಿ.ಎಡ್. ತರಗತಿಗಳಲ್ಲಿ ಶಿಕ್ಷಣದ ತತ್ತ್ವಚಿಂತಕರೆಂದು ಡ್ಯೂಯಿ, ಫ್ರೊಬೆಲ್, ಮಾಂಟೆಸ್ಸರಿ ಬರುತ್ತಾರೆ. ಗಾಂಧಿ, ಟಾಗೋರರೂ ಬರುತ್ತಾರೆ. ನಮ್ಮೂರಿನ ಬಸ್ ದಾರಿಯ ಎರಡು ತುದಿಯ ಈ ಇಬ್ಬರು ಮಾತ್ರ ಬರೀ ಸಾಹಿತಿಗಳಾಗಿ ಉಳಿದಿದ್ದಾರೆ. ಇದು ಅನ್ಯಾಯ ಎಂದೇ ನನ್ನ ಭಾವನೆ. ಮಗು ಹೇಗೆ ಕಲಿಯುತ್ತದೆ, ಶಾಲೆ ಹೇಗಿರಬೇಕು ಎಂಬ ಪ್ರಶ್ನೆಗೆ ಇಬ್ಬರೂ ತಮ್ಮ ಆಯುಸ್ಸಿನ ದೊಡ್ಡ ಪಾಲು ಕೊಟ್ಟು ಉತ್ತರ ಹುಡುಕಿದರು. ಪಂಜೆಯವರು ಸರಕಾರಿ ವ್ಯವಸ್ಥೆಯ ಒಳಗೇ ಇದ್ದು ಅದನ್ನು ಹಸನು ಮಾಡಲು ನೋಡಿದರು. ಕಾರಂತರು ಅದರಿಂದ ಹೊರಗೆ ಬಂದು ತಮ್ಮದೇ ಆದ ಒಂದನ್ನು ಕಟ್ಟಿದರು. ಯಾವ ದಾರಿಯಿಂದ ನಮ್ಮ ಮಕ್ಕಳಿಗೆ ಹೆಚ್ಚು ಒಳಿತಾಯಿತು?

ಪಂಜೆಯವರ ಪರವಾಗಿ ಹೇಳಬೇಕಾದದ್ದು ಬಹಳಷ್ಟಿದೆ. ಬಡತನದಲ್ಲಿ ಓದಿದವರು, ಸಂಬಳದ ಕೆಲಸ ಅನಿವಾರ್ಯವಾಗಿದ್ದವರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕಲಿಸಿದರು, ಶಾಲಾ ಇನ್‌ಸ್ಪೆಕ್ಟರಾದರು, ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾದರು. ಇನ್‌ಸ್ಪೆಕ್ಟರ್ ಎಂದರೆ ಮಕ್ಕಳಿರಲಿ, ಮಾಸ್ತರರೇ ನಡುಗುತ್ತಿದ್ದ ಕಾಲ ಅದು. ಅಂಥ ಹುದ್ದೆಯಲ್ಲಿ ಕೂತವರು ಮಕ್ಕಳಿಗೆ ಹಾಡು ಕಟ್ಟಿದರು, ಕತೆ ಬರೆದರು, ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಇತರರಿಂದಲೂ ಬರೆಸಿದರು. ಪಾಠವೆಂದರೆ ಉರು ಹೊಡೆಯುವುದು ಎಂಬ ನಂಬಿಕೆ ಗಟ್ಟಿಯಾಗಿದ್ದಾಗ, ಮೊದಲು ಮಗು ನಗಲಿ, ಕುಣಿಯಲಿ, ಅಕ್ಷರ ಹಿಂದಿನಿಂದ ಬರುತ್ತದೆ ಎಂದು ಮಾಡಿ ತೋರಿಸಿದರು.

ಅವರ ‘ನಾಗರಹಾವೇ’ ಹಾಡನ್ನು ಒಂದನೇ ಕ್ಲಾಸಿನ ಕಣ್ಣಿನಿಂದ ನೋಡಬೇಕು. ಮಗು ಹಾವನ್ನು ಹತ್ತಿರ ಕರೆಯುತ್ತದೆ, ಹೆಡೆ ಬಿಚ್ಚು ಎನ್ನುತ್ತದೆ, ತಲೆಯ ರತ್ನದ ವಿಷಯ ಕೇಳುತ್ತದೆ, ಕೊನೆಗೆ ಕೈಮುಗಿದು ಹೊರಗೆ ಹೋಗು ಎನ್ನುತ್ತದೆ. ಭಯವೂ ಇದೆ, ಬೆರಗೂ ಇದೆ, ಉಪದೇಶ ಇಲ್ಲ. ನುಡಿಯ ಕೊನೆಯಲ್ಲಿ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಬಂಟ್ವಾಳದ ಕಡೆಯ ಶಾಲೆಗೆ ಬರುವ ಮಕ್ಕಳಲ್ಲಿ ಮನೆಯಲ್ಲಿ ತುಳು ಮಾತಾಡುವವರು, ಬ್ಯಾರಿ ಮಾತಾಡುವವರು, ಕೊಂಕಣಿ ಮಾತಾಡುವವರು ಒಟ್ಟಿಗೆ ಕೂರುತ್ತಾರೆ. ಕನ್ನಡ ಇನ್ನೂ ನಾಲಿಗೆಗೆ ಹತ್ತದ ಮಗು ಉಳಿದ ಸಾಲು ಬರದಿದ್ದರೂ ಆ ಒಂದು ಅಕ್ಷರಕ್ಕೆ ದನಿ ಸೇರಿಸುತ್ತದೆ. ನಾಲ್ಕು ದಿನ ಕಳೆದರೆ ಪೂರ್ತಿ ಹಾಡು ಬಾಯಿಗೆ ಬಂದಿರುತ್ತದೆ. ಪಂಜೆಯವರ ಮನೆಮಾತೂ ಕೊಂಕಣಿ. ಪರಭಾಷೆಯ ಬಾಗಿಲಲ್ಲಿ ನಿಂತ ಮಗುವಿನ ಸಂಕೋಚ ಅವರಿಗೆ ಒಳಗಿನಿಂದಲೇ ಗೊತ್ತಿದ್ದಿರಬೇಕು. ತುಳುನಾಡಿನ ಪಾಡ್ದನದ ವೀರರಾದ ಕೋಟಿ ಚೆನ್ನಯರ ಕತೆಯನ್ನು ಕನ್ನಡ ಗದ್ಯಕ್ಕೆ ತಂದವರೂ ಅವರೇ.

ಇನ್ನೊಂದು ಮಗ್ಗುಲು ನೋಡೋಣ. ಪಂಜೆಯವರು ಪಠ್ಯವನ್ನು ಮೃದು ಮಾಡಿದರು, ಪರೀಕ್ಷೆಯನ್ನು ಪ್ರಶ್ನಿಸಲಿಲ್ಲ. ಮದ್ರಾಸ್ ಪ್ರಾಂತ್ಯದ ಶಿಕ್ಷಣ ಇಲಾಖೆ ಹಾಕಿದ ಗೆರೆಯೊಳಗೇ ಅವರ ಕೆಲಸ ನಡೆಯಿತು. ಕತೆಗಳಲ್ಲಿ ಹಲವು ಹೊರಗಿನಿಂದ ಬಂದವು. ‘ಮೂರು ಕರಡಿಗಳು’ ಇಂಗ್ಲೆಂಡಿನ ಮಕ್ಕಳದೇ ಕತೆ. ಇದನ್ನು ನಾನು ದೊಡ್ಡ ದೋಷವೆಂದು ಎಣಿಸುವುದಿಲ್ಲ; ಕನ್ನಡದಲ್ಲಿ ಮಕ್ಕಳಿಗೆ ಓದಲು ಏನೂ ಇಲ್ಲದಿದ್ದಾಗ ಸಿಕ್ಕಿದಲ್ಲಿಂದ ತರಲೇಬೇಕಿತ್ತು. ಆದರೆ ಮೊದಲಿನ ಆಕ್ಷೇಪ ಗಟ್ಟಿಯಾದದ್ದು. ಇಲಾಖೆ ಅವರ ಹಾಡನ್ನು ಇಟ್ಟುಕೊಂಡಿತು, ಹಾಡಿನ ಹಿಂದಿದ್ದ ಸ್ವಾತಂತ್ರ್ಯವನ್ನು ಬಿಟ್ಟಿತು. ‘ನಾಗರಹಾವೇ’ಯನ್ನೂ ಬಾಯಿಪಾಠ ಒಪ್ಪಿಸಿ ಅಂಕ ಪಡೆಯುವ ಪದ್ಯವಾಗಿಸಿದ ತರಗತಿಗಳು ಎಷ್ಟೋ.

ಕಾರಂತರು ಹೊರಟದ್ದೇ ಈ ಜಾಗದಿಂದ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಅವರು, ಪಂಜೆಯವರು ಹಿಂದೆ ಕಲಿಸಿದ್ದ ಮಂಗಳೂರಿನ ಸರಕಾರಿ ಕಾಲೇಜನ್ನೇ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಬಿಟ್ಟರು. ಪದವಿಯ ಕಡೆಗೆ ಮತ್ತೆ ತಿರುಗಿ ನೋಡಲಿಲ್ಲ. ಪುತ್ತೂರಿಗೆ ಬಂದು 1930ರ ದಶಕದಲ್ಲಿ ಪರ್ಲಡ್ಕದ ಗುಡ್ಡದಲ್ಲಿ ಬಾಲವನ ಕಟ್ಟಿದರು. ನಾಟಕ, ಕುಣಿತ, ಚಿತ್ರ, ತಿರುಗಾಟ ಅಲ್ಲಿ ಪಾಠದ ಪಕ್ಕದ ಮನರಂಜನೆಯಾಗಿರಲಿಲ್ಲ, ಅವೇ ಪಾಠ. ಮಗು ನೋಡಿ ತಿಳಿಯಬೇಕು, ಮುಟ್ಟಿ ತಿಳಿಯಬೇಕು, ಕೇಳಿದ ಪ್ರಶ್ನೆಗೆ ದೊಡ್ಡವರು ಗದರದೆ ಉತ್ತರಿಸಬೇಕು ಎಂಬುದು ಅವರ ಹಟ. ಆ ಹಟದಿಂದಲೇ 1936ರಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು ಬಂದವು. ನಕ್ಷತ್ರ, ಪ್ರಾಣಿ, ಯಂತ್ರ, ದೇಶ, ಜನ ಎಲ್ಲವನ್ನೂ ಒಬ್ಬರೇ ಕುಳಿತು ಮಕ್ಕಳ ಕನ್ನಡಕ್ಕೆ ಇಳಿಸಿದರು. ಮುಂದೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ. ವಿಶ್ವವಿದ್ಯಾಲಯ ಒಂದು ಮಂಡಳಿ ಕೂರಿಸಿ ಮಾಡಿಸಬೇಕಾದ ಕೆಲಸ ಇದು.

ಬಾಲವನದ ಶಾಲೆ ಮಾತ್ರ ಹೆಚ್ಚು ಕಾಲ ಬಾಳಲಿಲ್ಲ. ಕಾರಂತರ ದಾರಿಯನ್ನು ಒಪ್ಪದವರು ಇದನ್ನೇ ಮೊದಲು ಎತ್ತುತ್ತಾರೆ. ಅಂಥ ಶಾಲೆಗೆ ಕಾರಂತರಂಥ ಒಬ್ಬರು ಬೇಕು. ಅವರಿಲ್ಲದೆ ನಡೆಯದ್ದನ್ನು ಪದ್ಧತಿ ಎನ್ನಲಾದೀತೇ? ಈ ವಾದಕ್ಕೆ ಬಲವಿದೆ. ಇನ್ನೂ ಬಲವಾದದ್ದು ತಾಯಂದಿರ ವಾದ. ನಮ್ಮ ತಾಲೂಕಿನಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಮನೆ ಮನೆಯಲ್ಲಿದ್ದಾರೆ. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ ಅವರ ಮಗಳಿಗೆ ಊರು ದಾಟುವ ಒಂದೇ ರಹದಾರಿ. ಪದವಿ ಬಿಟ್ಟೂ ಕಾರಂತರಾಗಲು ಎಲ್ಲರಿಗೂ ಆಗುವುದಿಲ್ಲ. ಪರೀಕ್ಷೆ ಬೇಡ ಎನ್ನುವ ಮಾತು ಅಂಥ ತಾಯಿಯ ಕಿವಿಗೆ ಉಳ್ಳವರ ಮಾತಾಗಿ ಕೇಳಿದರೆ ಅದು ಆಕೆಯ ತಪ್ಪಲ್ಲ.

ಆದರೂ ಅಲ್ಪಾಯುಸ್ಸನ್ನೇ ಸೋಲೆಂದು ಎಣಿಸುವುದು ಸರಿಯಲ್ಲ. ಜಾನ್ ಡ್ಯೂಯಿ 1896ರಲ್ಲಿ ಶಿಕಾಗೊದಲ್ಲಿ ಪ್ರಯೋಗ ಶಾಲೆ ತೆರೆದರು, 1904ರಲ್ಲಿ ಅಲ್ಲಿಂದ ಹೊರಟರು. ಅವರಿಗೆ ಒಂದು ವಿಶ್ವವಿದ್ಯಾಲಯದ ಆಸರೆಯಿತ್ತು, ಕಾರಂತರಿಗೆ ಇದ್ದದ್ದು ಬರವಣಿಗೆಯ ಸಂಪಾದನೆ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯ ‘ನಯೀ ತಾಲೀಮ್’ ಸಮ್ಮೇಳನ ಸೇರಿತು. ಅದಕ್ಕೆ ಕಾಂಗ್ರೆಸ್ಸಿನ, ಮುಂದೆ ಸರಕಾರಗಳ ಬೆಂಬಲವೇ ಇತ್ತು, ಆದರೂ ನಮ್ಮ ಶಾಲೆಗಳಲ್ಲಿ ಅದು ಉಳಿಯಲಿಲ್ಲ. ಹಾಗಿರುವಾಗ ಪುತ್ತೂರಿನ ಒಬ್ಬ ಲೇಖಕನ ಶಾಲೆ ಮುಚ್ಚಿತೆಂದು ಆ ವಿಚಾರವೇ ಸುಳ್ಳೆನ್ನುವುದು ಹೇಗೆ?

ಈ ಎರಡು ದಾರಿ ಒಮ್ಮೆ ಕೂಡಿದ್ದನ್ನು ನಾವು ಕಂಡಿದ್ದೇವೆ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ ‘ನಲಿ-ಕಲಿ’ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಬಂತು. ಆ ತರಗತಿಯೊಳಗೆ ಹೋದರೆ ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಚಿತ್ರಗಳು. ಕೈಗೆಟಕುವ ಎತ್ತರದಲ್ಲಿ ಗೋಡೆ ಹಲಗೆ, ಒಬ್ಬೊಬ್ಬರಿಗೆ ಒಂದೊಂದು ಪಾಲು. ಕಲಿಕಾ ಕಾರ್ಡುಗಳ ಸುತ್ತ ನೆಲದ ಮೇಲೆ ಗುಂಪು ಗುಂಪಾಗಿ ಕೂತ ಮಕ್ಕಳು. ಹಾಡು ಪಂಜೆಯವರದು, ತನ್ನ ವೇಗದಲ್ಲಿ ತಾನೇ ಕಲಿಯುವ ಸ್ವಾತಂತ್ರ್ಯ ಬಾಲವನದ್ದು. ಆದರೆ ಒಬ್ಬರೇ ಟೀಚರು ಮೂರು ತರಗತಿಯ ಮಕ್ಕಳನ್ನು ನೋಡಿಕೊಂಡು ದಾಖಲೆಯನ್ನೂ ತುಂಬಬೇಕಾದಾಗ ಆ ಸ್ವಾತಂತ್ರ್ಯವೇ ಮೊದಲು ಸೊರಗುತ್ತದೆ. ಒಳಗಿನ ದಾರಿಗೆ ತಗಲುವ ಬೆಲೆ ಇದು.

ತೂಗಿ ನೋಡಿದರೆ, ಹೆಚ್ಚು ಮಕ್ಕಳನ್ನು ಮುಟ್ಟಿದ್ದು ಪಂಜೆಯವರು. ಇದರಲ್ಲಿ ನನಗೆ ಸಂದೇಹವಿಲ್ಲ. ಸರಕಾರಿ ಶಾಲೆಯ ಬೆಂಚಿನಲ್ಲಿ ಕೂರುವ ಮಗುವಿಗೆ ಸಂತೋಷ ತಲುಪಬೇಕಾದರೆ ಪಠ್ಯಪುಸ್ತಕದ ಮೂಲಕವೇ ಹೋಗಬೇಕು ಎಂದು ಅವರು ಕಂಡುಕೊಂಡದ್ದು ನಿಜ. ಆದರೆ ಪಂಜೆಯವರ ಹಾಡು ಒಣಗದೆ ಉಳಿಯಲು ಕಾರಂತರ ಹಟ ಬೇಕೇ ಬೇಕು. ಇಂದು ಬೆಳಗಾದರೆ ಮೆಲ್ಕಾರಿನ ಹೆದ್ದಾರಿಯಲ್ಲಿ ಹಳದಿ ಶಾಲಾ ವಾಹನಗಳ ಸಾಲು. ಖಾಸಗಿಯಾಗಲಿ ಸರಕಾರಿಯಾಗಲಿ, ಮಗು ನೋಡಿ ಮುಟ್ಟಿ ಕಲಿಯುವ ಗಳಿಗೆ ಎಲ್ಲೆಡೆಯೂ ಕಡಿಮೆಯಾಗುತ್ತಿದೆ.

ಶಾಲಾಭಿವೃದ್ಧಿ ಸಮಿತಿಯಲ್ಲಿರುವ ತಂದೆ-ತಾಯಂದಿರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಭೆಯಲ್ಲಿ ಕಟ್ಟಡ, ಬಣ್ಣ, ಅಂಕದ ಮಾತು ಮುಗಿದ ಮೇಲೆ ಇನ್ನೊಂದು ವಿಷಯ ಎತ್ತಿ: ತಿಂಗಳಿಗೆ ಅರ್ಧ ದಿನ ಮಕ್ಕಳನ್ನು ನರಹರಿ ಪರ್ವತಕ್ಕೋ, ಹತ್ತಿರದ ಗದ್ದೆಗೋ ಕರೆದುಕೊಂಡು ಹೋಗಲು ಟೀಚರಿಗೆ ಅವಕಾಶ ಕೊಡಿ. ಮಕ್ಕಳ ಜೊತೆ ನಿಮ್ಮಲ್ಲಿ ಇಬ್ಬರು ಹೋಗಿ.