ಸದ್ದು ಮಾಡದ ಸೊಳ್ಳೆಯ ಲೆಕ್ಕ ಎಲ್ಲಿದೆ?

"ನಮ್ಮ ಮನೆಯಲ್ಲಿ ಸೊಳ್ಳೆಯ ಸದ್ದೇ ಇಲ್ಲ ಡಾಕ್ಟ್ರೇ. ಇವಳಿಗೆ ಡೆಂಗ್ಯೂ ಎಲ್ಲಿಂದ ಬಂತು?"

ಕಳೆದ ಮಳೆಗಾಲದಲ್ಲಿ ಒಂಬತ್ತು ವರ್ಷದ ಮಗಳನ್ನು ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದ ತಾಯಿಯೊಬ್ಬರು ಕೇಳಿದ ಪ್ರಶ್ನೆ ಇದು. ಹುಡುಗಿಗೆ ಜ್ವರ ಬಂದು ನಾಲ್ಕು ದಿನವಾಗಿತ್ತು. ಕಣ್ಣಿನ ಹಿಂದೆ ನೋವು, ಮೈಕೈ ನೋವು, ಊಟ ಸೇರದು. ರಕ್ತಪರೀಕ್ಷೆಯ ವರದಿ ಮೇಜಿನ ಮೇಲಿತ್ತು. ಆ ಮನೆಯವರು ಅಜಾಗರೂಕರೇನಲ್ಲ. ಕಿಟಕಿಗಳಿಗೆಲ್ಲ ಜಾಲರಿ ಹಾಕಿಸಿದ್ದಾರೆ. ಸಂಜೆ ಆರಾಯಿತೆಂದರೆ ಬಾಗಿಲು ಭದ್ರ. ಮಲಗುವಾಗ ಸೊಳ್ಳೆಪರದೆ, ಸಾಲದೆಂದು ಮೂಲೆಯಲ್ಲೊಂದು ಸೊಳ್ಳೆಬತ್ತಿ. ಇಷ್ಟೆಲ್ಲ ಮಾಡಿಯೂ ಕಾಯಿಲೆ ಬಂದಿತ್ತು.

ಆಕೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ಡೆಂಗ್ಯೂ ಸೊಳ್ಳೆ ನಮ್ಮ ಕಿವಿಗೆ ಬೀಳುವುದೇ ಕಡಿಮೆ. ರಾತ್ರಿ ದೀಪ ಆರಿಸಿದೊಡನೆ ಕಿವಿಯ ಬಳಿ ಗುಂಯ್‌ಗುಟ್ಟಿ ನಮ್ಮಿಂದಲೇ ನಮ್ಮ ಕೆನ್ನೆಗೆ ಹೊಡೆಸುವುದು ಹೆಚ್ಚಾಗಿ ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ. ನಾವು ಬಿಡುವ ಉಸಿರಿನ ಜಾಡು ಹಿಡಿದು ಅದು ಮುಖದ ಹತ್ತಿರ ಬರುತ್ತದೆ. ಡೆಂಗ್ಯೂ, ಚಿಕುನ್‌ಗುನ್ಯ ಹರಡುವ ಈಡಿಸ್ ಸೊಳ್ಳೆಯ ರೀತಿಯೇ ಬೇರೆ. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಹುಟ್ಟುವುದು ನಾವು ಹಿಡಿದಿಟ್ಟ ತಿಳಿನೀರಿನಲ್ಲಿ. ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸಂಜೆಗೆ ಮುಂಚೆ. ಮಕ್ಕಳು ಮೇಜಿನ ಮುಂದೆ ಕುಳಿತು ಪಾಠ ಬರೆಯುವಾಗ ಕೆಳಗೆ ಕಣಕಾಲಿನ ಬಳಿ ಸದ್ದಿಲ್ಲದೆ ತನ್ನ ಕೆಲಸ ಮುಗಿಸಿಕೊಂಡು ಹೋಗುತ್ತದೆ. ಹಗಲಿನ ಗದ್ದಲದಲ್ಲಿ, ಕಾಲಿನ ಹತ್ತಿರದ ಸಣ್ಣ ಸ್ವರ ಯಾರಿಗೆ ಕೇಳಬೇಕು? ಸೊಳ್ಳೆಪರದೆಯೊಳಗೆ ನಾವು ಸೇರುವ ಹೊತ್ತಿಗೆ ಅದು ಮಂಚದ ಕೆಳಗೋ ನೇತುಹಾಕಿದ ಬಟ್ಟೆಯ ಹಿಂದೆಯೋ ವಿಶ್ರಾಂತಿಯಲ್ಲಿರುತ್ತದೆ.

ಅಂದಹಾಗೆ, ಆ ಸ್ವರ ನಮಗಾಗಿ ಹೊರಟದ್ದೇ ಅಲ್ಲ. ಅದು ಸೊಳ್ಳೆಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು. ಹೆಣ್ಣು ಈಡಿಸ್ ಸೆಕೆಂಡಿಗೆ ಸುಮಾರು 400 ಸಲ ರೆಕ್ಕೆ ಬಡಿಯುತ್ತದೆ, ಗಂಡು ಸುಮಾರು 600 ಸಲ. ಸಂಗೀತ ಬಲ್ಲ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಎರಡಕ್ಕೆ ಮೂರರ ಈ ಲೆಕ್ಕ ಷಡ್ಜ ಪಂಚಮಗಳದ್ದು. ಗಂಡಿನ ಮೀಸೆಯ ಬುಡದಲ್ಲಿ ಸದ್ದನ್ನು ಗ್ರಹಿಸಲು ಸಾವಿರಾರು ಸೂಕ್ಷ್ಮ ಜೀವಕೋಶಗಳಿವೆ. ಅವುಗಳಿಂದಲೇ ಅದು ಹೆಣ್ಣನ್ನು ಗುರುತಿಸುತ್ತದೆ. ಎರಡೂ ಹತ್ತಿರ ಬಂದಾಗ ಇನ್ನೂ ಸೋಜಿಗದ ಸಂಗತಿ ನಡೆಯುತ್ತದೆ. ರೆಕ್ಕೆಯ ಬಡಿತವನ್ನು ತುಸು ಹೆಚ್ಚುಕಡಿಮೆ ಮಾಡಿಕೊಂಡು, ಸುಮಾರು 1200ರ ಮೇಲಿನ ಸ್ವರವೊಂದರಲ್ಲಿ ಎರಡೂ ಶ್ರುತಿ ಕೂಡಿಸಿಕೊಳ್ಳುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2009ರಲ್ಲಿ ಇದನ್ನು ಪ್ರಕಟಿಸಿದರು. ಸ್ವರ ಕೂಡಿದ ಮೇಲೆ ಸಂಸಾರ. ಆಮೇಲೆ ನೂರಾರು ಮೊಟ್ಟೆ, ಅವಕ್ಕೆ ಬೇಕಾದ ರಕ್ತ ನಮ್ಮದು.

ಕೀಟಗಳ ಇಂಥ ಮಾತನ್ನು ಕೇಳಿಯೇ ಅವುಗಳ ಲೆಕ್ಕ ಹಿಡಿಯುವ ವಿದ್ಯೆಯೊಂದಿದೆ. ನಮ್ಮ ಕುದುರೆಮುಖದ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಮಾಡಿದ ಕೆಲಸ ಇದೇ. ಮಲೆನಾಡಿನಲ್ಲಿ ಮುಸ್ಸಂಜೆಯ ಮೇಲೆ ಕಾಡಿನಂಚಿನಲ್ಲಿ ನಿಂತವರಿಗೆ ಗೊತ್ತು, ಜೀರುಂಡೆಗಳ ಆ ಗೋಷ್ಠಿ ಒಂದೇ ಗದ್ದಲದಂತೆ ಕೇಳುತ್ತದೆ. ಕಿವಿ ಪಳಗಿದರೆ ಒಂದೊಂದು ಜಾತಿಯ ದನಿಯೂ ಬೇರೆ, ಅದು ಹಾಡುವ ಹೊತ್ತೂ ಬೇರೆ. ಮರದ ಮೇಲೆ ಕತ್ತಲಲ್ಲಿ ಕಣ್ಣಿಗೆ ಬೀಳದ ಜೀವಿಯನ್ನು ಅದರ ದನಿಯಿಂದಲೇ ಗುರುತಿಸಿ ಲೆಕ್ಕಕ್ಕೆ ತರಬಹುದು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ನಮ್ಮ ದೇಶದವರೇ ಆದ ಮನು ಪ್ರಕಾಶ್ ಅವರ ತಂಡ 2017ರಲ್ಲಿ ಇದೇ ಉಪಾಯವನ್ನು ಸೊಳ್ಳೆಗೆ ಬಳಸಿ ತೋರಿಸಿತು. ಹಾರುವ ಸೊಳ್ಳೆಯ ಹತ್ತಿರ ಸಾಧಾರಣ ಮೊಬೈಲ್ ಫೋನನ್ನು ಹಿಡಿದು ಅದರ ದನಿ ಮುದ್ರಿಸಿಕೊಂಡರೆ ಯಾವ ಜಾತಿಯ ಸೊಳ್ಳೆ ಎಂಬುದನ್ನು ಬಹುಮಟ್ಟಿಗೆ ಹೇಳಬಹುದು. ಅದಕ್ಕೆ ದುಬಾರಿ ಫೋನೇ ಬೇಕೆಂದಿಲ್ಲ.

ಜ್ವರ ನೋಡುವ ವೈದ್ಯನಿಗೆ ಜೀರುಂಡೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಇಂದು ನಾವು ಲೆಕ್ಕ ಇಡುತ್ತಿರುವುದು ರೋಗಿಗಳನ್ನು. ಇಷ್ಟು ಪ್ರಕರಣ, ಇಷ್ಟು ಸಾವು ಎಂದು ಪತ್ರಿಕೆಯಲ್ಲಿ ಬರುತ್ತದೆ. ಬಂದಾಗ ತುಂಬ ತಡವಾಗಿರುತ್ತದೆ. ಲೆಕ್ಕ ನೋಡಿ: ಡೆಂಗ್ಯೂ ರೋಗಿಯನ್ನು ಕಚ್ಚಿದ ಸೊಳ್ಳೆಯ ಮೈಯಲ್ಲಿ ವೈರಸ್ ಬೆಳೆದು ಅದು ಇನ್ನೊಬ್ಬರಿಗೆ ಅಂಟಿಸಲು ಎಂಟರಿಂದ ಹನ್ನೆರಡು ದಿನ ಬೇಕು. ಕಚ್ಚಿಸಿಕೊಂಡವರಿಗೆ ಜ್ವರ ಬರಲು ಇನ್ನೂ ನಾಲ್ಕರಿಂದ ಹತ್ತು ದಿನ. ಮೊದಲ ಎರಡು ಮೂರು ದಿನ ಮನೆಯಲ್ಲೇ ಕಷಾಯ, ಮಾತ್ರೆ. ಆಮೇಲೆ ನನ್ನಂಥವರ ಬಳಿ ಬರುವುದು, ಪರೀಕ್ಷೆ, ವರದಿ. ಹೀಗೆ ಒಂದು ಬೀದಿಯ ಹೆಸರು ಇಲಾಖೆಯ ಪಟ್ಟಿಗೆ ಸೇರುವ ಹೊತ್ತಿಗೆ ಮೂರು ವಾರ ಕಳೆದಿರುತ್ತದೆ. ನಮ್ಮ ಸೆಕೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ, ಹೆಚ್ಚೆಂದರೆ ಹತ್ತು ಸಾಕು. ಆ ಮೂರು ವಾರದಲ್ಲಿ ಎಷ್ಟು ತಲೆಮಾರು ರೆಕ್ಕೆ ಬಿಚ್ಚಿರಬೇಡ!

ಸೊಳ್ಳೆಯನ್ನೇ ಎಣಿಸುವ ಪದ್ಧತಿ ಹೊಸದೇನಲ್ಲ. ಆಶಾ ಕಾರ್ಯಕರ್ತೆಯರು, ಆರೋಗ್ಯ ಸಿಬ್ಬಂದಿ ಮನೆಮನೆಗೆ ಬಂದು ತೊಟ್ಟಿ, ಡ್ರಮ್ಮು, ಸಂಪುಗಳಿಗೆ ಟಾರ್ಚ್ ಬಿಟ್ಟು ನೋಡುವುದು ಇದಕ್ಕಾಗಿಯೇ. ನೂರು ಮನೆ ನೋಡಿದರೆ ಎಷ್ಟು ಮನೆಗಳಲ್ಲಿ ಸೊಳ್ಳೆಮರಿ ಸಿಕ್ಕಿತು ಎಂಬುದು ಒಂದು ಸಂಖ್ಯೆ. ನೂರು ಮನೆಗಳಲ್ಲಿ ಒಟ್ಟು ಎಷ್ಟು ಪಾತ್ರೆಗಳಲ್ಲಿ ಸಿಕ್ಕಿತು ಎಂಬುದು ಇನ್ನೊಂದು. ಎರಡನೆಯದಕ್ಕೆ ಬ್ರೆಟೋ ಸೂಚ್ಯಂಕ ಎಂದು ಹೆಸರು. ನನ್ನ ದೃಷ್ಟಿಯಲ್ಲಿ ಇದು ಒಂದು ಬೀದಿಗೆ ಮಾಡಿಸುವ ರಕ್ತಪರೀಕ್ಷೆ ಇದ್ದಂತೆ.

ನಮ್ಮ ಕ್ಲಿನಿಕ್ಕಿಗೂ ಒಬ್ಬಾಕೆ ಬಂದಿದ್ದರು. "ಇದು ಆಸ್ಪತ್ರೆಯಮ್ಮ, ಇಲ್ಲೇನು ನೋಡುತ್ತೀರಿ?" ಎಂದು ನಗುತ್ತಲೇ ಒಳಗೆ ಬಿಟ್ಟೆ. ರೋಗಿಗಳು ಕಾಯುವ ಕೋಣೆಯಲ್ಲಿ ಮನಿಪ್ಲಾಂಟ್ ಇಟ್ಟಿದ್ದ ಗಾಜಿನ ಬಾಟಲಿಯನ್ನು ಅವರು ಬೆಳಕಿಗೆ ಹಿಡಿದು, "ಸಾರ್, ಇಲ್ಲಿ ನೋಡಿ" ಎಂದರು. ಏಳೆಂಟು ಮರಿಗಳು ತಲೆ ಕೆಳಗಾಗಿ ನೇತಾಡುತ್ತಿದ್ದವು. ಜ್ವರದವರು ಬಂದು ಕೂರುವ ಜಾಗ ಅದು. ಎಷ್ಟು ವಾರಗಳಿಂದ ಹಾಗಿತ್ತೋ! ನಾಚಿಕೆಯಾಯಿತು ಎಂದು ಬರೆಯಲು ಸಂಕೋಚವಿಲ್ಲ. ಇಂಥ ಕೆಲಸಕ್ಕೆ ಬಂದವರನ್ನು ಗೇಟಿನ ಹೊರಗೇ ನಿಲ್ಲಿಸಿ "ನಮ್ಮಲ್ಲಿ ಏನಿಲ್ಲ ಹೋಗಿ" ಎನ್ನುವ ಮನೆಗಳೇ ಹೆಚ್ಚು ಎಂದು ಆಕೆ ಹೇಳಿದರು. ದೊಡ್ಡ ಗೇಟು ಇದ್ದಷ್ಟೂ ಹೆಚ್ಚಂತೆ.

ಆದರೆ ನನ್ನ ಮುಖ್ಯ ತಕರಾರು ಮನೆಯವರ ಮೇಲಲ್ಲ. ಹೀಗೆ ಬಿಸಿಲಲ್ಲಿ ಅಲೆದು ಸಂಗ್ರಹಿಸಿದ ಸಂಖ್ಯೆ ಹೋಗುವುದಾದರೂ ಎಲ್ಲಿಗೆ? ನಮ್ಮ ವಾರ್ಡಿನ ಸೂಚ್ಯಂಕ ಎಷ್ಟು ಎಂದು ಸಂಬಂಧಪಟ್ಟ ಕಚೇರಿಯೊಂದರಲ್ಲಿ ವಿಚಾರಿಸಿದೆ. "ಮೇಲಿನವರಿಗೆ ಕಳಿಸಿದ್ದೇವೆ ಸಾರ್" ಎಂದರು. ಮೇಲಿನವರನ್ನು ಕೇಳಿದಾಗ "ಕೆಳಗೆ ಕೇಳಿ" ಎಂದರು. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಚಿನ್ನದ ಬೆಲೆ ಬರುತ್ತದೆ. ಅಡಿಕೆ ಧಾರಣೆ ಬರುತ್ತದೆ. ಯಾವ ಬಡಾವಣೆಯ ನೂರು ಮನೆಗಳಲ್ಲಿ ಎಷ್ಟು ಮನೆ ಸೊಳ್ಳೆ ಸಾಕುತ್ತಿವೆ ಎಂಬ ಸಂಖ್ಯೆಯೂ ವಾರಕ್ಕೊಮ್ಮೆ ಅದರ ಪಕ್ಕದಲ್ಲಿ ಬರಬೇಕು. ಸಿಂಗಪುರದಲ್ಲಿ ಊರ ತುಂಬ ಹೆಣ್ಣು ಸೊಳ್ಳೆ ಹಿಡಿಯುವ ಐವತ್ತು ಸಾವಿರಕ್ಕೂ ಹೆಚ್ಚು ಬೋನುಗಳನ್ನಿಟ್ಟು, ಯಾವ ಪ್ರದೇಶದಲ್ಲಿ ಈಡಿಸ್ ಹೆಚ್ಚಾಗಿದೆ ಎಂಬುದನ್ನು ಜನರಿಗೆ ತಿಳಿಸುತ್ತಾರೆ. ಹಾಂಗ್‌ಕಾಂಗ್‌ನಲ್ಲೂ ಸೊಳ್ಳೆಬೋನಿನ ಸೂಚ್ಯಂಕ ಪ್ರಕಟವಾಗುತ್ತದೆ. ಹಾಗೆಂದು ಅಲ್ಲಿ ಡೆಂಗ್ಯೂ ಇಲ್ಲವೆಂದಲ್ಲ. ಸಿಂಗಪುರದಲ್ಲಿ ಈಗಲೂ ಜ್ವರದ ಅಲೆಗಳು ಬರುತ್ತವೆ. ಇಷ್ಟಕ್ಕಿಂತ ಕೆಳಗಿದ್ದರೆ ಭಯವಿಲ್ಲ ಎಂದು ಗೆರೆ ಎಳೆಯುವಷ್ಟು ಸರಳ ಕಾಯಿಲೆ ಇದಲ್ಲ. ಆದರೆ ಸಂಖ್ಯೆ ಏರುತ್ತಿದೆ ಎಂಬುದು ಗೊತ್ತಾದರೆ ಜ್ವರ ಬರುವ ಮುಂಚೆ ಕೆಲಸ ಶುರುವಾಗುತ್ತದೆ.

ಈಗ ನಡೆಯುವುದೇನು? ಎರಡು ಜ್ವರದ ಸುದ್ದಿ ಬಂದೊಡನೆ ಹೊಗೆಯಂತ್ರ ಬರುತ್ತದೆ. ಸದ್ದು, ಹೊಗೆ, ಹಿಂದೆ ಓಡುವ ಮಕ್ಕಳು. ಏನೋ ಆಗುತ್ತಿದೆ ಎಂದು ಎಲ್ಲರಿಗೂ ಸಮಾಧಾನ. ಆ ಹೊಗೆ ಆ ಗಳಿಗೆಯಲ್ಲಿ ಬೀದಿಯಲ್ಲಿ ಹಾರುತ್ತಿರುವ ಕೀಟಗಳನ್ನು ಕೊಲ್ಲುತ್ತದೆ, ಅದರಲ್ಲಿ ಜೇನೂ ಸೇರಿತು. ಮಂಚದ ಕೆಳಗಿನ ಈಡಿಸ್‌ಗೆ ತಲುಪುವುದು ಅಪರೂಪ. ತೊಟ್ಟಿಯೊಳಗಿನ ಮರಿಗಳಿಗೆ ಏನೂ ಆಗುವುದಿಲ್ಲ. ಇನ್ನು ಮೊಟ್ಟೆಗಳೋ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ತೊಟ್ಟಿ ಖಾಲಿ ಮಾಡಿದರೆ ಸಾಲದು, ಉಜ್ಜಿ ತೊಳೆಯಿರಿ ಎಂದು ನಾವು ಹೇಳುವುದು ಅದಕ್ಕೇ.

ಈ ಜಗಳ ಬಹಳ ಹಳೆಯದು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡ ರೊನಾಲ್ಡ್ ರಾಸ್, ಅದಕ್ಕೂ ಹದಿನಾಲ್ಕು ವರ್ಷ ಮುಂಚೆ, 1883ರಲ್ಲಿ, ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಸಿಕ್ಕವು. ತೊಟ್ಟಿಯನ್ನು ಕವುಚಿದರು, ಸೊಳ್ಳೆ ಕಡಿಮೆಯಾಯಿತು. ಅಧಿಕಾರಿಗಳ ಭೋಜನಶಾಲೆಯ ಸುತ್ತಲೂ ಹೀಗೇ ಮಾಡೋಣವೆಂದು ಅವರು ಸೂಚಿಸಿದರೆ, ಅಲ್ಲಿನ ಮೇಲ್ವಿಚಾರಕ ಅಧಿಕಾರಿ ಅದು ಪ್ರಕೃತಿಯ ಕ್ರಮಕ್ಕೆ ವಿರುದ್ಧವೆಂದು ಒಪ್ಪಲಿಲ್ಲವಂತೆ. ಮುಂದೆ 1902ರಲ್ಲಿ ರಾಸ್ ಅವರಿಗೆ ನೊಬೆಲ್ ಬಂತು.

ಹಳ್ಳಿಯ ಓದುಗರು ಇದು ಪಟ್ಟಣದ ಮಾತು ಎಂದುಕೊಳ್ಳಬಾರದು. 2006ರಲ್ಲಿ ಚಿಕುನ್‌ಗುನ್ಯ ಬಂದಾಗ ನಮ್ಮ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಕೀಲು ಹಿಡಿದು ಬಗ್ಗಿಕೊಂಡೇ ನಡೆದ ಊರಿಗೆ ಊರೇ ನಿಮಗೆ ನೆನಪಿರಬಹುದು. ಈಡಿಸ್ ಈಜಿಪ್ಟೈ ಮೂಲತಃ ಆಫ್ರಿಕಾದ ಕಾಡಿನ ಮರದ ಪೊಟರೆಯ ಸೊಳ್ಳೆ. ನಮ್ಮೊಡನೆ ಪಟ್ಟಣ ಸೇರಿತು. ಅದರ ದಾಯಾದಿ ಈಡಿಸ್ ಆಲ್ಬೊಪಿಕ್ಟಸ್ ಏಷ್ಯದ ಕಾಡಿನದು. ಇಂದಿಗೂ ತೋಟಗಳಲ್ಲಿ ಅದರ ವಾಸ. ಕರಾವಳಿ, ಮಲೆನಾಡಿನಲ್ಲಿ ಬಿದ್ದ ಅಡಿಕೆ ಹಾಳೆ, ಒಡೆದ ತೆಂಗಿನ ಚಿಪ್ಪು, ಮಳೆಗಾಲದಲ್ಲಿ ಕವುಚದೆ ಬಿಟ್ಟ ರಬ್ಬರ್ ಬಟ್ಟಲು, ಇವೇ ಅದರ ಪೊಟರೆಗಳು. ಅಂಗೈಯಗಲದ ನೀರು ಸಾಕು.

2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟುವ ಜಾಗವಿರುವ ಮನೆಗಳಿಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಕಟ್ಟಡ ಕಟ್ಟುವ ಜಾಗಗಳಿಗೆ ಇನ್ನೂ ಹೆಚ್ಚು. ದಂಡ ತಪ್ಪೆನ್ನಲಾರೆ. ಆದರೆ ಎಣಿಸಲು ಬಂದವರೇ ದಂಡ ಹಾಕುವವರೆಂದಾದರೆ ಗೇಟು ಇನ್ನಷ್ಟು ಭದ್ರವಾಗುತ್ತದೆ, ಲೆಕ್ಕ ಸುಳ್ಳಾಗುತ್ತದೆ. ಎಣಿಕೆಗೆ ಬರುವವರೇ ಬೇರೆ, ದಂಡಕ್ಕೆ ಬರುವವರೇ ಬೇರೆ ಆಗಿರಲಿ.

ಆ ಹುಡುಗಿಯ ವಿಷಯ ಹೇಳುವುದಿತ್ತು. ಐದನೆಯ ದಿನ ಜ್ವರ ಇಳಿಯಿತು, ಮನೆಯವರು ನಿಟ್ಟುಸಿರು ಬಿಟ್ಟರು. ಹೊಟ್ಟೆನೋವು, ವಾಂತಿ ಶುರುವಾದದ್ದು ಆಗಲೇ. ಡೆಂಗ್ಯೂ ಕಾಯಿಲೆಯಲ್ಲಿ ಅಪಾಯದ ಹೊತ್ತು ಜ್ವರ ಇಳಿಯುವಾಗಲೇ ಬರುತ್ತದೆ ಎಂಬುದನ್ನು ದಯವಿಟ್ಟು ನೆನಪಿಡಿ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಿಂದ ರಕ್ತ, ತೀರಾ ಮಂಪರು ಕಂಡರೆ ಕಾಯಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ಕೊಡಬಾರದು. ಮೂರು ದಿನ ಆಸ್ಪತ್ರೆಯಲ್ಲಿದ್ದು ಡ್ರಿಪ್ ಹಾಕಿಸಿಕೊಂಡು ಹುಡುಗಿ ಚೇತರಿಸಿಕೊಂಡಳು.

ಅವರ ಮನೆಯಲ್ಲಿ ಹುಡುಕಿದರೆ ಒಂದು ಮರಿಯೂ ಸಿಗಲಿಲ್ಲ. ಸಿಕ್ಕಿದ್ದು ಎರಡು ಮನೆಯಾಚೆ, ಅರ್ಧ ಕಟ್ಟಿ ನಿಂತಿದ್ದ ಕಟ್ಟಡದ ನೀರಿನ ತೊಟ್ಟಿಯಲ್ಲಿ. ಈಡಿಸ್ ಸಾಮಾನ್ಯವಾಗಿ ನೂರಿನ್ನೂರು ಮೀಟರಿಗಿಂತ ದೂರ ಹಾರುವುದಿಲ್ಲ. ಅಂದರೆ ನಿಮ್ಮ ಮನೆಯ ಆರೋಗ್ಯದ ಗಡಿ ನಿಮ್ಮ ಕಾಂಪೌಂಡ್ ಅಲ್ಲ, ನಿಮ್ಮ ಬೀದಿ.

ಅಂದಿನಿಂದ ನಮ್ಮ ಬೀದಿಯ ಕೆಲವರು ಸೇರಿ ಭಾನುವಾರ ಬೆಳಿಗ್ಗೆ ಟಾರ್ಚ್ ಹಿಡಿದು ಒಂದು ಸುತ್ತು ಹೊರಡುತ್ತೇವೆ. ಕ್ಲಿನಿಕ್ಕಿನ ಕ್ಯಾಲೆಂಡರಿನ ಮೇಲೆ ಸಂಖ್ಯೆ ಬರೆದಿಡುತ್ತೇವೆ. ಕಳೆದ ಭಾನುವಾರ ನೋಡಿದ್ದು ಇಪ್ಪತ್ತೆರಡು ಮನೆ, ಮರಿ ಸಿಕ್ಕಿದ್ದು ಮೂರರಲ್ಲಿ. ಒಂದು ಫ್ರಿಜ್ಜಿನ ಹಿಂದಿನ ತಟ್ಟೆ, ಒಂದು ಹಿತ್ತಲಲ್ಲಿ ಮರೆತ ಒರಳುಕಲ್ಲು. ಮೂರನೆಯದು ಆ ತೊಟ್ಟಿಯೇ. ಅದರ ಮಾಲೀಕರು ಫೋನಿಗೆ ಇನ್ನೂ ಸಿಕ್ಕಿಲ್ಲ.