ದೊಡ್ಡ ಖೋಟಾ, ಸಣ್ಣ ಖೋಟಾ

ನಮ್ಮ ಹಿರಿಯ ವರ್ತಕರು ಬೆಳ್ಳಿ ರೂಪಾಯಿ ಕೈಗೆ ಬಂದೊಡನೆ ಅದನ್ನು ಕಲ್ಲಿನ ಮೇಲೆ ಹಾಕಿ ಸದ್ದು ಕೇಳುತ್ತಿದ್ದರು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಅಂಗಡಿಕಾರನಿಗೂ ಇದೇ ಚಿಂತೆಯಿತ್ತು. ಅಲ್ಲಿನ ಬೆಳ್ಳಿ ನಾಣ್ಯದ ಹೆಸರು ದಿನಾರಿಯಸ್. ತಾಮ್ರದ ಬಿಲ್ಲೆಗೆ ತೆಳುವಾದ ಬೆಳ್ಳಿ ತಗಡು ಸುತ್ತಿ, ಕಾಯಿಸಿ, ಅಚ್ಚು ಹೊಡೆದರೆ ಖೋಟಾ ದಿನಾರಿಯಸ್ ಸಿದ್ಧ. ಕೈಯಿಂದ ಕೈಗೆ ದಾಟಿ ಅಂಚು ಸವೆದ ಮೇಲೆ ಒಳಗಿನ ತಾಮ್ರ ಇಣುಕುತ್ತಿತ್ತು. ಆಗ ಅದು ಯಾರ ಕೈಯಲ್ಲಿತ್ತೋ ಅವನಿಗೆ ನಷ್ಟ.

ಈ ಕಳ್ಳ ಕಸಬನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಜನ ಇದಕ್ಕೆ ಏಕೆ ಕೈಹಾಕಿದರೆಂದು ಕೇಳದೆ ಬರಿದೆ ಶಾಪ ಹಾಕುವುದೂ ನ್ಯಾಯವಲ್ಲ.

ಲಾಭಕ್ಕಾಗಿ ಮಾಡಿದವರು ಇದ್ದರು, ನಿಜ. ಗತ್ಯಂತರವಿಲ್ಲದೆ ಮಾಡಿದವರೂ ಇದ್ದರು. ಕ್ರಿ.ಶ. 43ರಲ್ಲಿ ರೋಮನರು ಬ್ರಿಟನ್ನಿನ ಮೇಲೆ ದಂಡೆತ್ತಿ ಹೋದರು. ದಂಡು ಹೋಯಿತು, ತೆರಿಗೆ ಹೋಯಿತು. ಸಂತೆಗೆ ಬೇಕಾದ ಚಿಲ್ಲರೆ ಕಾಸು ಮಾತ್ರ ಸಾಕಷ್ಟು ಹೋಗಲಿಲ್ಲ. ಆಗ ಚಕ್ರವರ್ತಿ ಕ್ಲಾಡಿಯಸನ ಮುಖವಿದ್ದ ಕಾಸುಗಳನ್ನು ಅಲ್ಲಿಯೇ ನಕಲು ಹೊಡೆದು ಚಲಾಯಿಸಿದರು. 270ರ ದಶಕದಲ್ಲಿ ಬ್ರಿಟನ್ನಿನಲ್ಲಿಯೂ ಇಂದಿನ ಫ್ರಾನ್ಸ್ ದೇಶದಲ್ಲಿಯೂ ಮತ್ತೆ ಹೀಗೆಯೇ ಆಯಿತು. ಸರಕಾರ ಚಿಲ್ಲರೆ ಒದಗಿಸದಿದ್ದರೆ ಸಂತೆ ನಿಲ್ಲುತ್ತದೆಯೇ?

ಇನ್ನು ದೊಡ್ಡ ಖೋಟಾದ ಮಾತು. ಆಗಸ್ಟಸನ ಕಾಲದಲ್ಲಿ ಒಂದು ರೋಮನ್ ಪೌಂಡು ಬೆಳ್ಳಿಗೆ 84 ದಿನಾರಿಯಸ್ ಹೊಡೆಯುತ್ತಿದ್ದರು. ಬೆಳ್ಳಿ ಬಹುಮಟ್ಟಿಗೆ ಚೊಕ್ಕಟ. 64ರಲ್ಲಿ ನೀರೊ ಅದನ್ನು 96 ಮಾಡಿದ, ತಾಮ್ರವನ್ನೂ ಬೆರೆಸಿದ. 215ರಲ್ಲಿ ಕ್ಯಾರಕಲ ಹೊರಡಿಸಿದ ಹೊಸ ನಾಣ್ಯದಲ್ಲಿ ಒಂದೂವರೆ ದಿನಾರಿಯಸ್ಸಿನಷ್ಟೇ ಬೆಳ್ಳಿ. ಬೆಲೆ ಎರಡರದ್ದೆಂದು ಇತಿಹಾಸಕಾರರ ಅಭಿಪ್ರಾಯ. 270ರ ಹೊತ್ತಿಗೆ ಅದರಲ್ಲಿ ನೂರಕ್ಕೆ ಐದು ಪಾಲು ಬೆಳ್ಳಿಯೂ ಉಳಿಯಲಿಲ್ಲ. ಯುದ್ಧದ ಖರ್ಚು, ದಂಡಿನ ಸಂಬಳ ಎಲ್ಲಕ್ಕೂ ಇದೇ ದಾರಿ. ತಾಮ್ರಕ್ಕೆ ಬೆಳ್ಳಿ ಬಳಿದವನು ಬಡವನಾದರೆ ಖೋಟಾ, ಚಕ್ರವರ್ತಿಯಾದರೆ ರಾಜಮುದ್ರೆ! ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು.

ನಮ್ಮ ದೇಶಕ್ಕೆ ಬಂದ ದಿನಾರಿಯಸ್‌ಗಳಲ್ಲಿ ಬಹುಪಾಲು ಆಗಸ್ಟಸ್ ಮತ್ತು ಟೈಬೀರಿಯಸರವು, ಎಂದರೆ ನೀರೊನ ಕಲಬೆರಕೆಗೆ ಮುಂಚಿನವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಅವರಿಬ್ಬರ ನಾಣ್ಯಗಳು ದೊರೆತಿವೆ. ಇಲ್ಲಿನ ವರ್ತಕನಿಗೆ ಕೆಟ್ಟ ನಾಣ್ಯ ಬೇಡವೆನ್ನುವ ಸ್ವಾತಂತ್ರ್ಯವಿತ್ತು. ರೋಮಿನ ಕೂಲಿಕಾರನಿಗೆ ಅದಿರಲಿಲ್ಲ. ಚಕ್ರವರ್ತಿಯ ಮುಖವಿರುವ ನಾಣ್ಯವನ್ನು ನಿರಾಕರಿಸುವುದೇ ಅಪರಾಧವೆಂದು ಕಾನೂನಿತ್ತು. ಖೋಟಾ ಮಾಡಿದವನನ್ನು ಜೀವಂತ ಸುಡುವ ಕಾನೂನು ನಾಲ್ಕನೆಯ ಶತಮಾನದಲ್ಲಿ ಬಂತು.

ಸುಮಾರು 271ರಲ್ಲಿ ರೋಮಿನ ಟಂಕಸಾಲೆಯ ಕೆಲಸಗಾರರು ದಂಗೆ ಎದ್ದರು. ಮೇಲಧಿಕಾರಿ ಫೆಲಿಸಿಸ್ಸಿಮಸನ ಪ್ರೇರಣೆಯಿಂದ ನಾಣ್ಯ ಕೆಡಿಸಿದರೆಂಬುದು ಅವರ ಮೇಲಿನ ಆಪಾದನೆ. ದಂಗೆ ಅಡಗಿಸುವುದರಲ್ಲಿ 7000 ಸೈನಿಕರು ಸತ್ತರೆಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಬೆಳ್ಳಿಯನ್ನು ಮೊದಲೇ ಕದ್ದ ಚಕ್ರವರ್ತಿಗಳನ್ನು ಯಾರು ವಿಚಾರಿಸಿದರು?

ಜನ ಕೇಳಿದ್ದು ಹೆಚ್ಚೇನಲ್ಲ. ಕ್ರಿ.ಪೂ. 85ರ ಸುಮಾರಿಗೆ, ತನ್ನ ಬಳಿ ಇರುವ ಹಣವೆಷ್ಟೆಂಬುದೇ ಯಾರಿಗೂ ತಿಳಿಯದಷ್ಟು ನಾಣ್ಯ ಹದಗೆಟ್ಟಿದ್ದಾಗ, ಗ್ರಾಟಿಡಿಯಾನಸನೆಂಬ ಅಧಿಕಾರಿ ಅದನ್ನು ಸರಿಪಡಿಸುವ ಆಜ್ಞೆ ಹೊರಡಿಸಿದನು. ಜೊತೆಯವರೆಲ್ಲರ ಕೀರ್ತಿಯನ್ನು ತಾನೊಬ್ಬನೇ ಹೊಡೆದುಕೊಂಡನೆಂದು ಸಿಸಿರೊ ಅವನನ್ನು ಹಳಿದಿದ್ದಾನೆ. ಆದರೆ ಜನ ಬೀದಿಬೀದಿಯಲ್ಲಿ ಅವನ ಪ್ರತಿಮೆ ನಿಲ್ಲಿಸಿ ಧೂಪ ದೀಪ ಇಟ್ಟರು. ಮೂರು ವರ್ಷಗಳಲ್ಲಿ ಸಲ್ಲನ ಪಕ್ಷದವರು ಅವನನ್ನು ಕೊಂದರು.

ದುಡಿದ ದಿನಕ್ಕೆ ಸರಿಯಾದ ನಾಣ್ಯ ಸಿಗಬೇಕು ಎಂಬುದು ಅಂದಿನ ಜನರ ಬೇಡಿಕೆ. ಸಣ್ಣ ಖೋಟಾಗಾರನನ್ನು ಹಿಡಿಯುವುದು ಸುಲಭ. ದೊಡ್ಡ ಖೋಟಾಗಾರನ ಮುಖ ನಾಣ್ಯದ ಮೇಲೆಯೇ ಇರುತ್ತದೆ. ಅದನ್ನು ಗುರುತಿಸುವ ಎಚ್ಚರ ಜನರಲ್ಲಿರಬೇಕು.