ಬದುವಿನ ಸೊಪ್ಪು, ಅಂಗಡಿಯ ಗುಳಿಗೆ

ಆಟಿಯ ಮಳೆಗೆ ಕಾರ್ಕಳದ ಗದ್ದೆಬದುಗಳಿಂದ ಕಾಪುವಿನ ತೆಂಗಿನ ತೋಟಗಳವರೆಗೆ ನಾವು ತಜಂಕ್ ಎನ್ನುವ ಚಗಟೆ, ತಿಮರೆ ಎನ್ನುವ ಒಂದೆಲಗ, ಕೆಸು ಯಾರ ಅಪ್ಪಣೆಯೂ ಇಲ್ಲದೆ ಬೆಳೆಯುತ್ತವೆ. ಉಡುಪಿ, ಮಣಿಪಾಲದ ಔಷಧದಂಗಡಿಗಳಲ್ಲಿ ಆಂಟಿಆಕ್ಸಿಡೆಂಟ್ ಗುಳಿಗೆಗಳು ಮಾರಾಟವಾಗುತ್ತವೆ. ಎರಡರ ಫಲವೂ ಒಂದೇ ಎಂದು ಭಾವಿಸುವವರಿದ್ದಾರೆ. ನಾನು ಒಪ್ಪಲಾರೆ.

ಸೊಪ್ಪಿನ ಪಾಲಿಫಿನಾಲ್‌ಗಳಲ್ಲಿ ಬಹುಪಾಲು ಸಣ್ಣ ಕರುಳಿನಲ್ಲಿ ಹೀರಲ್ಪಡದೆ ದೊಡ್ಡ ಕರುಳನ್ನು ಸೇರುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ದೇಹ ಹೀರಬಲ್ಲ ಚಿಕ್ಕ ಅಣುಗಳಾಗಿ ಒಡೆಯುತ್ತವೆ. ಜೊತೆಗೆ ಬಂದ ನಾರು ಹುದುಗು ಬಂದಾಗ ಬ್ಯುಟಿರೇಟ್ ಉಂಟಾಗುತ್ತದೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಇಂಧನ. ಗುಳಿಗೆಯಲ್ಲಿ ಆ ನಾರೆಲ್ಲಿ? ಫಿನ್ಲೆಂಡಿನಲ್ಲಿ ಬೀಟಾಕ್ಯಾರೊಟಿನ್ ಗುಳಿಗೆ ಸೇವಿಸಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇಕಡ 18ರಷ್ಟು ಏರಿತೆಂದು 1994ರಲ್ಲೇ ಪ್ರಕಟವಾಯಿತು. (ಕೆಸುವಿಗೆ ಹುಣಸೆ ಮರೆಯದಿರಿ; ತುರಿಕೆ ತಗ್ಗಲು ಅದು ಬೇಕು.)

ನನ್ನ ಚಿಂತೆ ಬೇರೆಯೇ. ಹಸುರನ್ನೆಲ್ಲ ಒಣಗಿಸುವ ಗ್ಲೈಫೋಸೇಟಿಗೆ ತಿಮರೆಯೂ ಒಂದು ಕಳೆ. ಸಿಂಪಡಿಸಿದ ಬದುವಿನ ಸೊಪ್ಪನ್ನು ಕೊಯ್ಯುವಂತಿಲ್ಲ. ಕತ್ತಿಯಿಂದ ಸವರಿದ ಬದು ಮಾತ್ರ ಮತ್ತೆ ಚಿಗುರುತ್ತದೆ. ತೋಟದಂಚು, ರಸ್ತೆಯಂಚುಗಳಿಗೆ ಕಳೆನಾಶಕ ಬೇಡವೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳೋಣ.